ಕರೆಂಟು ಹೋದಾಗ ಮಾತಾಡಿದ ಮೀನು

ಹೋದ ತಿಂಗಳು ಮಹಾರಾಷ್ಟ್ರದ ಶೇಂದ್ರಾದ ಒಂದು ಕಾರ್ಖಾನೆಯಲ್ಲಿ ಯಾರನ್ನೋ ಕಾಯುತ್ತ ಕೂತಿದ್ದೆ. ಮೂಲೆಯಲ್ಲಿ ಒಬ್ಬ ಮೀನಿನ ತೊಟ್ಟಿಯ ನೀರು ಬದಲಿಸುತ್ತಿದ್ದ. ಪಾಚಿ ಹಿಡಿದ ಸ್ಪಂಜಿನ ವಾಸನೆ ಬಂತು. ಅದರ ಬೆನ್ನಿಗೇ ಸಾಂಬಾರಿನ ವಾಸನೆ… ಅಲ್ಲಿ ಸಾಂಬಾರೇನೂ ಇರಲಿಲ್ಲ. ಈ ಎರಡು ವಾಸನೆಗಳು ಒಟ್ಟಿಗೇ ಇದ್ದ ಜಾಗ ನನಗೆ ಗೊತ್ತಿದ್ದದ್ದು ಒಂದೇ: ನಾಸಿಕ್‌ನ ಹೋಟೆಲ್ ಅಕ್ಕನ ಗಲ್ಲಾ.

ಅಕ್ಕ ಕುಂದಾಪುರದ ಕಡೆಯವರು. ಓಝರ್ ರಸ್ತೆಯಲ್ಲಿ ಅವರ ಯಜಮಾನರ ಸಸ್ಯಾಹಾರಿ ಹೋಟೆಲ್ ಇತ್ತು. ಗಲ್ಲಾದಲ್ಲಿ ಅಕ್ಕ, ಪಕ್ಕದಲ್ಲಿ ಮೀನಿನ ತೊಟ್ಟಿ. ವಿಮಾನ ಕಾರ್ಖಾನೆಯಲ್ಲಿ ಟೆಕ್ನಿಶಿಯನ್ ಆಗಿದ್ದ, ಧಾರವಾಡದವರಾದ ನನ್ನ ಅಪ್ಪ ಹೋದಾಗಲೆಲ್ಲ ಕೆಣಕುತ್ತಿದ್ದರು: “ಅಲ್ರೀ ಅಕ್ಕಾರ, ಹೊರಗ ಪ್ಯೂರ್ ವೆಜ್ ಬೋರ್ಡು, ಒಳಗ ಮೀನಾ?”

“ಬಾಣಲೆಯಲ್ಲಿದ್ರೆ ನಾನ್‌ವೆಜ್ಜು ರಾಯರೇ, ನೀರಲ್ಲಿದ್ರೆ ವೆಜ್ಜೇ,” ಎನ್ನುತ್ತಿದ್ದರು ಅಕ್ಕ.

ಒಂದು ವರ್ಷ ಆ ತೊಟ್ಟಿಗೆ ಕಪ್ಪು ಮೈಯ ಹೊಸ ಮೀನೊಂದು ಬಂತು. ಆಫ್ರಿಕಾದ ನದಿಯದ್ದು ಎಂದು ಮಾರಿದವನು ಹೇಳಿದ್ದನಂತೆ. ಅದರ ಗದ್ದದಿಂದ ಸೊಂಡಿಲಿನಂಥದ್ದೊಂದು ಮುಂದಕ್ಕೆ ಚಾಚಿ ಕೆಳಗೆ ಬಾಗಿತ್ತು. ನಾಸಿಕ್‌ನ ಜನಕ್ಕೆ ಇನ್ನೇನು ಬೇಕು? ಗಣಪತಿ ಮೀನು ಎಂದು ಸುದ್ದಿಯಾಯಿತು. ಸಂಕಷ್ಟಿಯ ದಿನ ಸಾಲು ನಿಲ್ಲತೊಡಗಿತು. ಮೊದಲು ಗಾಜಿಗೆ ಕೈ ಮುಗಿದರು, ಆಮೇಲೆ ಗರಿಕೆ ಇಟ್ಟರು, ಆಮೇಲೆ ಯಾರೋ ನೀರಿಗೊಂದು ನಾಣ್ಯ ಹಾಕಿದರು. ಅಲ್ಲಿಂದ ನಾಣ್ಯಗಳು ನಿಲ್ಲಲಿಲ್ಲ. ವ್ಯಾಪಾರ ಏರಿತು, ಯಜಮಾನರು ಹಿಗ್ಗಿದರು. ಮೀನು ಮಾತ್ರ ಪೈಪಿನ ತುಂಡೊಂದರೊಳಗೆ ಹೊಕ್ಕು, ಅಕ್ಕ ಹಿತ್ತಲಿಂದ ತೆಂಗಿನ ಗೆರಟೆಯಲ್ಲಿ ತಂದು ಹಾಕುವ ಹುಳವನ್ನೂ ಮುಟ್ಟದೆ ಕೂತಿತು.

ನಾನಾಗ ಸಂಭಾಜಿನಗರದಲ್ಲಿ, ಅಂದಿನ ಔರಂಗಾಬಾದಿನಲ್ಲಿ, ಭೌತಶಾಸ್ತ್ರದ ಎಂ.ಎಸ್ಸಿ. ಓದುತ್ತಿದ್ದೆ. ರಜೆಗೆ ಬಂದವನನ್ನು ಅಕ್ಕ ಹಿಡಿದು ಕೂರಿಸಿದರು. “ಗಣಪತಿ ಅಂತ ಕೈ ಮುಗಿಸಿಕೊಂಡು ನಮ್ಮಲ್ಲೇ ಸಾಯಿಸುದಾ? ನೀನು ಓದಿದವ, ಹೇಳು ಮಾರಾಯ.”

ನನಗೆ ತಿಳಿದಷ್ಟು ಹೇಳಿದೆ. ಈ ಮೀನು ಬಾಲದ ಬುಡದಲ್ಲಿ ಸಣ್ಣಗೆ ವಿದ್ಯುತ್ತು ಹುಟ್ಟಿಸುತ್ತದೆ. ಸುತ್ತಲಿನ ಕಲ್ಲು, ಗಿಡ, ಹುಳ ಆ ವಿದ್ಯುತ್ತನ್ನು ಹೇಗೆ ಬದಲಿಸುತ್ತವೆಂದು ಚರ್ಮದಿಂದಲೇ ತಿಳಿದು ಕತ್ತಲಲ್ಲಿ ದಾರಿ ಕಾಣುತ್ತದೆ. ಅದೇ ಮಿಡಿತದಿಂದ ತನ್ನ ಜಾತಿಯವುಗಳ ಜೊತೆ ಮಾತೂ ಆಡುತ್ತದೆ. ನಾಣ್ಯದಂಥ ಲೋಹ ಅದಕ್ಕೆ ಕಣ್ಣಿಗೆ ಬಿಟ್ಟ ಟಾರ್ಚಿನಂತೆ ಇರಬಹುದು. ‘ಇರಬಹುದು’ ಎಂಬುದನ್ನು ಒತ್ತಿ ಹೇಳಿದ್ದೆ ಎಂದೇ ನನ್ನ ನೆನಪು. ಅಕ್ಕನಿಗೆ ಕೇಳಿಸಿದ್ದು ಟಾರ್ಚು ಮಾತ್ರ. ಅಂದಿನಿಂದ ತೊಟ್ಟಿಗೆ ಕೈ ಹಾಕುವ ಮೊದಲು ಅವರು ಚಿನ್ನದ ಬಳೆ ಕಳಚಿಡುತ್ತಿದ್ದರು. “ಗಾಜಿನ ಬಳೆ ತೊಂದ್ರೆ ಇಲ್ಲ ಅಲ್ವಾ? ಬೋಳು ಕೈ ಆಗುದಿಲ್ಲ ನನಗೆ.”

ಅದರ ಮಾತನ್ನು ತಾನೂ ಕೇಳಬೇಕು ಎಂದರು. ಹಳೆಯ ಬ್ಯಾಟರಿ ಸೆಲ್ಲುಗಳ ಇದ್ದಿಲ ಕಡ್ಡಿ ಎರಡನ್ನು ನೀರಿಗೆ ಇಳಿಬಿಟ್ಟು, ತಂತಿಯನ್ನು ಬ್ಯಾಟರಿಯಿಂದ ನಡೆಯುವ ಪುಟ್ಟ ಸ್ಪೀಕರಿಗೆ ಜೋಡಿಸಿದೆ. ಬರೀ ‘ಗುಂಯ್’. ಫ್ಯಾನು, ಫ್ರಿಜ್ಜು, ಗ್ರೈಂಡರು ಎಲ್ಲದರ ಕರೆಂಟೂ ಅದರಲ್ಲಿ ತುಂಬಿಕೊಂಡಿತ್ತು. ನಾನು ಸೋತು ತಂತಿ ಬಿಚ್ಚಲು ಹೊರಟಾಗ ಮಧ್ಯಾಹ್ನದ ಲೋಡ್ ಶೆಡ್ಡಿಂಗ್ ಬಂತು. ಎಲ್ಲ ನಿಂತಿತು. ಸ್ಪೀಕರಿನಲ್ಲಿ ಟಕ್… ಟಕ್ ಟಕ್… ಟಕ್.

“ಊರಿಗೆಲ್ಲಾ ಲೋಡ್ ಶೆಡ್ಡಿಂಗ್, ಇದಕ್ಕ ಮಾತ್ರ ಫುಲ್ ಕರೆಂಟ್ ನೋಡ್ರಿ!” ಎಂದರು ಅಪ್ಪ. ಅಕ್ಕ ನಗಲಿಲ್ಲ. ಒಂದು ನಾಣ್ಯವನ್ನು ಬಲೆಯಲ್ಲಿಟ್ಟು ಪೈಪಿನ ಬಳಿ ಇಳಿಸಿದರು. ಟಟಟಟ ಎಂದು ಮಿಡಿತ ಸುರಿಯಿತು. ಮೇಲೆತ್ತಿದರು, ಇಳಿಯಿತು.

“ಇದು ಪುರಾವೆ ಅಲ್ರಿ ಅಕ್ಕಾ. ಏನ್ ಹೊಸಾದು ತಂದ್ರೂ ಅದು ಹಂಗ ಮಾಡತೈತಿ,” ಎಂದೆ ನಾನು.

“ನಿನಗೆ ಪುರಾವೆ ಬೇಕು. ಅದಕ್ಕೆ ನಿದ್ದೆ ಬೇಕು.”

ಮುಂದಿನ ಸಂಕಷ್ಟಿಯಂದು ಸಾಲು ಬಾಗಿಲಿನಾಚೆಗೂ ಇತ್ತು. ಕರೆಂಟು ಹೋಗುವ ಹೊತ್ತು ನೋಡಿಯೇ ಅಕ್ಕ ಎದ್ದು ನಿಂತರೋ, ತಾನಾಗಿ ಹಾಗೆ ಕೂಡಿಬಂತೋ… ಈಗ ಹೇಳಲಾರೆ. ಫ್ಯಾನುಗಳು ನಿಂತವು. ನನ್ನ ಕಡ್ಡಿಗಳು ನೀರಿನಲ್ಲೇ ಇದ್ದವು, ಸ್ಪೀಕರು ಗಲ್ಲಾದ ಮೇಲೆ. ಮುಂದೆ ನಿಂತಿದ್ದ ಅಜ್ಜನ ಕೈಯ ನಾಣ್ಯವನ್ನೇ ಇಸಿದುಕೊಂಡು, ಬಲೆಯಲ್ಲಿಟ್ಟು ಇಳಿಸಿ, ಗಟ್ಟಿಯಾಗಿ ಮರಾಠಿಯಲ್ಲಿ ಹೇಳಿದರು: “ಐಕಾ, ಬಾಪ್ಪಾ ಬೋಲತೋಯ್.” ಕೇಳಿ, ಗಣಪತಿ ಬಾಪ್ಪಾ ಮಾತಾಡುತ್ತಿದ್ದಾನೆ. ಟಟಟಟ. ನಾಣ್ಯ ತೆಗೆದರು. ಟಕ್… ಟಕ್. “ಬೇಡ ಅಂತಿದ್ದಾನೆ,” ಎಂದರು. ಆ ಅಜ್ಜ ತನ್ನ ನಾಣ್ಯ ವಾಪಸು ಪಡೆದು, ಕೆನ್ನೆ ಬಡಿದುಕೊಂಡು ಹೋದ. ಉಳಿದವರೂ ಜೇಬಿನಿಂದ ಕೈ ತೆಗೆದರು. ಯಜಮಾನರು ಅಡುಗೆಮನೆಗೆ ಹೋಗಿಬಿಟ್ಟರು. ಅಕ್ಕ ತಳದ ನಾಣ್ಯಗಳನ್ನೆಲ್ಲ ಎಲ್ಲರೆದುರೇ ಬಾಚಿ ತೆಗೆದರು.

ನನಗೆ ಸಿಟ್ಟು ಬಂದಿತ್ತು. “ಹಿಂಗ್ಯಾಕ ಸುಳ್ಳು ಹೇಳಿದ್ರಿ?”

“ಮಿಲಿವೋಲ್ಟು ಅಂತ ಹೇಳಿದ್ರೆ ಕಾಸು ನಿಲ್ತಿತ್ತಾ? ಅದು ಬೇಡ ಅಂದದ್ದು ಸುಳ್ಳಾ?” ಎಂದರು ಅಕ್ಕ.

ರಜೆ ಮುಗಿಯುವ ಮುನ್ನ ಮೀನು ಪೈಪಿನಿಂದ ಹೊರಬಂದು, ಸೊಂಡಿಲಿನಿಂದ ಮರಳು ಕೆದಕಿ ಹುಳ ತಿಂದಿತು. ಅಕ್ಕ ಗಿರಾಕಿಗಳನ್ನು ಬಿಟ್ಟು ಗಾಜಿಗೆ ಹಣೆಯೊತ್ತಿ ನೋಡುತ್ತ ನಿಂತಿದ್ದರು. ನಾಣ್ಯ ತೆಗೆದಿದ್ದಕ್ಕೇ ಹೀಗಾಯಿತು ಎನ್ನಲು ಆಧಾರವಿಲ್ಲ. ನೀರನ್ನೂ ಆ ವಾರವೇ ಬದಲಿಸಿದ್ದರು ಎಂದು ಕಾಣುತ್ತದೆ. ಆದರೆ ನಾನು ಓದಿದ್ದನ್ನು ಒಂದು ಜೀವದ ಪರವಾಗಿ ನಿಲ್ಲಿಸಿದ್ದು ಅವರು. ನನಗೆ ಅದು ಹೊಳೆದಿರಲೇ ಇಲ್ಲ.

ಶೇಂದ್ರಾದಿಂದ ಹಿಂದಿರುಗಿದವನು ಹಲವರನ್ನು ಕೇಳಿ ಅಕ್ಕನ ಮಗನ ನಂಬರು ಹುಡುಕಿದೆ. ಹೋಟೆಲ್ ನಡೆಯುತ್ತಿದ್ದಾಗ ಅವನು ತೊಟ್ಟಿಲ ಕೂಸು. ಈಗ ದಿಂಡೋರಿಯ ವೈನ್ ಕಾರ್ಖಾನೆಯಲ್ಲಿದ್ದಾನೆ. ಹೋಟೆಲ್ ಮುಚ್ಚಿ ಎಷ್ಟೋ ಕಾಲವಾಯಿತಂತೆ. ಅಕ್ಕ ಊರಿಗೆ ಮರಳಿ, ಅಲ್ಲೇ ತೀರಿಕೊಂಡರಂತೆ. ನನಗೆ ಯಾರೂ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

“ದಾದಾ, ಅಮ್ಮ ಹೇಳ್ತಾ ಇತ್ತು, ನಮ್ಮ ಹಾಟೇಲಲ್ಲಿ ಬಾಪ್ಪಾ ಬೋಲತ ಹೋತಾ ಅಂತ. ನಿಜ ಮಾತಾಡ್ತಿದ್ನಾ?” ಎಂದು ಕೇಳಿದ, ಅರ್ಧ ಕನ್ನಡ ಅರ್ಧ ಮರಾಠಿಯಲ್ಲಿ.

ಬಾಲದ ಬುಡ, ಚರ್ಮ, ಮಿಡಿತ ಎಲ್ಲ ನಾಲಿಗೆಯ ತುದಿಗೆ ಬಂದವು.

“ಹೌದಪ್ಪಾ,” ಎಂದೆ, “ಮಾತಾಡ್ತಿದ್ದ. ನಾನೂ ಕೇಳೀನಿ.”

ಫೋನ್ ಇಟ್ಟೆ. ‘ಪುರಾವೆ ಎಲ್ಲಿದೆ ಮಾರಾಯ?’ ಎಂದು ಕೇಳಿ ನಗಬೇಕಾಗಿದ್ದವರು ಇರಲಿಲ್ಲ.