ಚೌಕಾಶಿ ಮಾಡದ ಗೆಳತಿ, ಗೋಡೆಯ ದರ ಕಟ್ಟುವ ಅತ್ತೆ

ನಮ್ಮ ಅತ್ತೆಯ ಅಂಗೈ ಮೇಲೆ ಒಣಕೊಬ್ಬರಿ ತುರಿಯಬಹುದಿತ್ತು. ಸಿಮೆಂಟು ಕಚ್ಚಿ ಕಚ್ಚಿ ಅಷ್ಟು ಒರಟಾಗಿತ್ತು. ಪ್ರೀತಿಯಿಂದ ಅವಳು ನನ್ನ ತಲೆ ಸವರಿದರೆ ಹೇನುಗಳೆಲ್ಲ ವಾಡಿ ಜಂಕ್ಷನ್ನಿಗೆ ಓಡಿ ಸೊಲ್ಲಾಪುರದ ಟಿಕೀಟು ತೆಗೆಸುತ್ತಿದ್ದವು. ಇದರಲ್ಲಿ ಸುಳ್ಳು ಸ್ವಲ್ಪವೇ ಇದೆ.

ಅವಳ ಗಂಡ, ಅಂದರೆ ನನ್ನ ಸೋದರಮಾವ, ಗಿಲಾವ್ ಗುತ್ತಿಗೆ ಹಿಡಿಯುತ್ತಿದ್ದ. ಗೋಡೆಗೆ ಸಿಮೆಂಟು ಮೆತ್ತಿ ನುಣುಪು ಮಾಡುವ ಕೆಲಸ. ನಾನು ವಾಡಿಯ ಅವರ ಮನೆಯಲ್ಲೇ ಇದ್ದು ಓದುತ್ತಿದ್ದೆ. ಗುತ್ತೇದಾರ ಅನ್ನಿಸಿಕೊಳ್ಳುವವನು ಮಾವ, ದರ ಕಟ್ಟುವವಳು ಅತ್ತೆ. ಮಾವ ಟೇಪು ಹಿಡಿದು, ಕೆಮ್ಮಿ, ಆಕಾಶ ನೋಡಿ ಲೆಕ್ಕ ಹಾಕುವ ನಾಟಕ ಮಾಡುವಾಗ ಅವಳು ಮನೆಯ ಹೆಂಗಸರ ಜೊತೆ ಚಹಾ ಕುಡಿಯುತ್ತ ಗೋಡೆ ಮೇಲೆ ಅಂಗೈ ಆಡಿಸುವಳು. ಕಲ್ಲು ಎಷ್ಟು ಉಬ್ಬಿದೆ, ಗೋಡೆ ಎಷ್ಟು ಸಿಮೆಂಟು ತಿನ್ನುತ್ತದೆ, ಎಲ್ಲ ಆ ಕೈಗೆ ತಿಳಿಯುತ್ತಿತ್ತು. ಅವಳ ಸೆರಗು ತಲೆ ಮೇಲೆ ಬಂತೆಂದರೆ ಮಾವ ದರ ಏರಿಸಬೇಕು. ಏರಿಸಿದ್ದನ್ನು ಮನೆಯವರು ಜಗಳಾಡಿ ಇಳಿಸುವರು. ಇಳಿದು ನಿಂತದ್ದೇ ನಿಜವಾದ ದರ, ನಮ್ಮ ಲಾಭವೂ ಅದರಲ್ಲೇ.

“ಚೌಕಾಶಿ ಮಾಡಲಾರದ ಗಿರಾಕಿ ನಾ ಇನ್ನಾ ನೋಡಿಲ್ಲಪಾ,” ಅನ್ನುತ್ತಿದ್ದಳು ಅತ್ತೆ.

ಅಂಥವಳೊಬ್ಬಳು ಸಿಕ್ಕಳು. ಚಿಮ್ಮನಚೋಡದಲ್ಲಿ ಅತ್ತೆಯ ಜೊತೆ ಒಂದೇ ಓಣಿಯಲ್ಲಿ ಬೆಳೆದ ಗೆಳತಿ. ತವರಿನ ಕಡೆಯಿಂದ ಅತ್ತೆಗೆ ಉಳಿದಿದ್ದವಳು ಅವಳೊಬ್ಬಳೇ. ಶಹಾಬಾದದಲ್ಲಿ ಮನೆ ಕಟ್ಟಿಸಿ ನಮ್ಮನ್ನೇ ಕರೆದಿದ್ದಳು. ಆ ವಾರವೇ ಗುಲ್ಬರ್ಗಾದ ಕಾಲೇಜಿಗೆ ನನ್ನ ಫೀ ಕಟ್ಟಬೇಕಿತ್ತು. ಒಗ್ಗರಣೆ ಮಂಡಕ್ಕಿಯ ಸುಸಲಾ ತಿನ್ನುವ ಆಸೆಗೆ ನಾನೂ ಹೋಗಿದ್ದೆ.

ಅತ್ತೆ ಗೋಡೆ ಸವರಿದಳು, ನನ್ನ ಕಡೆ ನೋಡಿದಳು, ಸೆರಗು ಎಳೆದುಕೊಂಡಳು. ಮಾವ ಎಂಥ ದರ ಹೇಳಿದನೆಂದರೆ, ಹೊಸ್ತಿಲ ಮೇಲಿನ ಬೆಕ್ಕು ಎದ್ದು ಹೋಯಿತು.

ಗೆಳತಿ ಮಾತ್ರ ನಕ್ಕಳು. “ಆಯ್ತಣ್ಣಾ, ನಾಳಿಗೇ ಚಾಲೂ ಮಾಡ್ರಿ. ಈಕಿ ಮುಂದ ಕುಂತು ಚೌಕಾಶಿ ಮಾಡ್ಲೇನು?”

“ಅಲ್ಲಬೇ, ಸ್ವಲ್ಪರ ಕೇಳಿ ನೋಡು,” ಅಂದಳು ಅತ್ತೆ.

“ನೀ ಸುಮ್ನ ಚಾ ಕುಡಿ. ದುಡ್ಡಿನ ಮಾತು ಗಂಡಸ್ರಿಗೆ ಇರ್ಲಿ.”

ಹೊರಗೆ ಬರುತ್ತಲೇ ಅತ್ತೆ, “ಇಳಿಸ್ರಿ,” ಅಂದಳು.

“ಹುಚ್ಚೇನು ನಿನಗ?” ಮಾವ ಸಿಡುಕಿದ. “ಹೇಳಿದ ರೇಟು ನಾವೇ ಇಳಿಸಿದ್ರ ನಾವು ಕಳ್ಳರು ಅಂತ ಡಂಗುರ ಹೊಡದಂಗ.”

ಗೆಳತಿ ಕೊಟ್ಟ ಮುಂಗಡದಲ್ಲೇ ನನ್ನ ಫೀ ಕಟ್ಟಿದೆವು. ಅತ್ತೆ ಆ ಮನೆಗೆ ಸಿಮೆಂಟು ಮೆತ್ತಲು ತಾನೇ ಕರಣಿ ಹಿಡಿದಳು. ದನದ ಕೊಟ್ಟಿಗೆಗೆ, ಒಲೆಯ ಹಿಂದಕ್ಕೆ, ಕೋಳಿಗೂಡಿಗೆ ಕೂಡ ಪುಕ್ಕಟೆ ಗಿಲಾವ್. ಕೋಳಿಗಳು ಜಾರಿ ಬಿದ್ದು ಕಾಲು ಮುರಿದುಕೊಂಡವೆಂದು ಹೇಳಿ ನಾನು ಊರನ್ನೆಲ್ಲ ನಗಿಸಿದೆ. ಅತ್ತೆ ನಗಲಿಲ್ಲ. ಗೆಳತಿ ನೆರೆಯವರನ್ನು ಕರೆದು, “ನೋಡ್ರಿ, ನನ್ನ ಸಲುವಾಗಿ ಹೆಂಗ ಮನಸಿಟ್ಟು ಮಾಡ್ಯಾಳ,” ಎಂದು ಹೊಗಳಿದಷ್ಟೂ ಅತ್ತೆ ಇನ್ನೊಂದು ಮೂಲೆ ಹುಡುಕಿ ಮೆತ್ತುವಳು.

ದೀಪಾವಳಿಗೆ ಮುಂಚೆ ಅತ್ತೆ ತಡೆಯಲಾರದೆ ನನ್ನನ್ನು ಕರೆದುಕೊಂಡು ಹೋಗಿ ಅಂಗಳದಲ್ಲೇ ಹೇಳಿಬಿಟ್ಟಳು. “ನಿನ್ನ ಕಡಿಂದ ಹೆಚ್ಚಿಗಿ ತಗೊಂಡೀವಿ. ನಾನೇ ಏರಸಲಿಕ್ಕೆ ಹಚ್ಚೀನಿ. ನೀ ಇಳಸ್ತಿ ಅನಕೊಂಡಿದ್ದೆ.”

ಗೆಳತಿ ಗೋಡೆಯ ಕಡೆ ತಿರುಗಿದಳು.

“ಹೇಳಬಾರದಿತ್ತು ನೀ,” ಅಂದಳು. “ಮುಂಜಾನೆದ್ದು ಈ ಗ್ವಾಡಿ ನೋಡಿದ್ರ ನೀನೇ ಮನ್ಯಾಗ ಇದ್ದಂಗ ಅನಸ್ತಿತ್ತು.”

ಒಳಗೆ ಕರೆಯಲಿಲ್ಲ.

ವಾಪಸು ಬರುವ ರೈಲಿನಲ್ಲಿ ನಾನು ಜೋಕಿನ ಮೇಲೆ ಜೋಕು ಹೇಳಿದೆ. ಅತ್ತೆ, “ಬಾಯಿ ಮುಚ್ಚಿ ಓದ್ಕೋ ತಮ್ಮಾ,” ಅಂದಳು. ಬೈದ ಹಾಗಿರಲಿಲ್ಲ, ಬೇಡಿಕೊಂಡ ಹಾಗಿತ್ತು.

ಮುಂದಿನ ಚಳಿಗಾಲದಲ್ಲಿ ಅತ್ತೆ ಜ್ವರ ಬಂದು ತೀರಿಕೊಂಡಳು. ಶಹಾಬಾದಕ್ಕೆ ಸುದ್ದಿ ಕಳಿಸಿದೆವು. ಯಾರೂ ಬರಲಿಲ್ಲ.

ನಾನು ಕಾಲೇಜಿಗೆ ಹೋಗುವ ರೈಲು ದಿನಾಲೂ ಆ ಊರಲ್ಲಿ ನಿಲ್ಲುತ್ತದೆ. ಬಿಡುವವರೆಗೂ ಪುಸ್ತಕ ತೆರೆದು ಮುಖ ಮುಚ್ಚಿಕೊಂಡು ಕೂರುತ್ತೇನೆ. ಒಂದಕ್ಷರವೂ ತಲೆಗೆ ಹೋಗುವುದಿಲ್ಲ.