ಹಂಡೆಯೊಳಗೆ ರಾಜನ ಗೆರೆ

ನನ್ನ ಅಜ್ಜಿ ಇಂಗ್ಲೆಂಡಿನ ರಾಜನ ಜೊತೆ ಸೇರಿ ಒಂದು ವ್ರತ ಹಿಡಿದಿದ್ದಳು. ಆ ಸಂಗತಿ ರಾಜನಿಗೆ ಗೊತ್ತಿರಲಿಲ್ಲ, ಅಷ್ಟೆ. ಅದರ ಸಾಕ್ಷಿಯಾಗಿ ಒಂದು ತಾಮ್ರದ ಹಂಡೆ ಈಗಲೂ ನನ್ನ ಹತ್ತಿರ ಇದೆ. ಅದರಲ್ಲಿ ಹೂವಿನ ಗಿಡ ನೆಡೋಣವೇ ಎಂದು ಮೊಮ್ಮಕ್ಕಳು ಆಗಾಗ ಕೇಳುತ್ತಾರೆ, ಕೇಳಿದಾಗಲೆಲ್ಲ ನನ್ನಿಂದ ಬೈಸಿಕೊಳ್ಳುತ್ತಾರೆ.

ನಮ್ಮ ಮನೆ ಇದ್ದದ್ದು ಹೊಳೆಯ ಈಚೆ ದಡದಲ್ಲಿ. ಹೊನ್ನಾವರದ ಪೇಟೆಗೆ ಹೋಗಬೇಕಾದರೆ ದೋಣಿಗೆ ಕಾಯಬೇಕು. ಒಂದಿಷ್ಟು ಗದ್ದೆ, ಮನೆಯ ಸುತ್ತ ತೆಂಗು, ಮಳೆಗಾಲದಲ್ಲಿ ಬಗ್ಗಿ ಕೈಯಿಂದಲೇ ನೀರು ಮೊಗೆಯಬಹುದಾದಷ್ಟು ತುಂಬುವ ಬಾವಿ. ನೀರಿಗೆ ಬರ ಎನ್ನುವ ಮಾತನ್ನು ನಾವು ಕೇಳಿಯೇ ಇರಲಿಲ್ಲ. ಈ ಮಾತನ್ನು ಓದುವವರು ಸ್ವಲ್ಪ ನೆನಪಿನಲ್ಲಿ ಇಟ್ಟುಕೊಳ್ಳಬೇಕು.

ಅಪ್ಪ ಖಾದಿ ಉಡುವವನು. ನಾನು ಹುಟ್ಟುವ ಮೊದಲು ಕರ ಕೊಡುವುದಿಲ್ಲವೆಂದು ಹಟ ಹಿಡಿದು ಜೈಲಿಗೆ ಹೋಗಿ ಬಂದವನು. ಅವನ ಒಬ್ಬನೇ ತಮ್ಮ, ನನ್ನ ಚಿಕ್ಕಪ್ಪ, ಕುಮಟೆಯ ಸಂತೆಗೆ ಹೋಗಿ ಬರುತ್ತೇನೆಂದು ಹೊರಟವನು ಅಲ್ಲಿಂದ ಮುಂದೆ ಹೋಗಿ ಸರಕಾರದ ಸೈನ್ಯಕ್ಕೆ ಸೇರಿಬಿಟ್ಟ. ಸಮವಸ್ತ್ರ ತೊಟ್ಟು ಒಮ್ಮೆ ಮನೆಗೆ ಬಂದಾಗ ಅಪ್ಪ ಅಂಗಳದಲ್ಲೇ ಅವನನ್ನು ತಡೆದ.

"ಆ ರಾಜನ ಅನ್ನ ಉಂಬವ ಈ ಅಂಗಳ ಹತ್ತೂದು ಬೇಡ" ಎಂದ.

ಚಿಕ್ಕಪ್ಪ ಅಜ್ಜಿಯ ಕಾಲು ಮುಟ್ಟಿ ಹಾಗೇ ಹೊರಟುಹೋದ. ಆಮೇಲೆ ಅಪ್ಪನ ಬಾಯಲ್ಲಿ ತಮ್ಮನ ಸುದ್ದಿ ಬರಲೇ ಇಲ್ಲ. ಮಹಾಯುದ್ಧದಲ್ಲಿ ಸಿಂಗಾಪುರ ಬಿದ್ದ ವರ್ಷ ಚಿಕ್ಕಪ್ಪನ ಪಲಟಣ ಜಪಾನಿನವರ ಕೈಗೆ ಸೆರೆಸಿಕ್ಕಿತು ಎಂದು ತಿಳಿಯಿತು. ಅವನು ಬದುಕಿದ್ದಾನೋ ಇಲ್ಲವೋ ಹೇಳುವವರು ಯಾರೂ ಇರಲಿಲ್ಲ.

ಅಜ್ಜಿ ಅತ್ತಳೋ ಇಲ್ಲವೋ ನಾನು ನೋಡಿಲ್ಲ. ಆದರೆ ಅವಳ ಸಿಟ್ಟನ್ನು ನೋಡಿದ್ದೇನೆ. ಅದು ಜಪಾನಿನವರ ಮೇಲೆ ಇರಲಿಲ್ಲ, ಅವರ ಮುಖ ಅವಳು ಕಂಡಿರಲಿಲ್ಲವಲ್ಲ. ಸಿಟ್ಟೆಲ್ಲ ರಾಜನ ಮೇಲೆ. ಅವನ ಮುಖ ರೂಪಾಯಿಯ ಮೇಲೆ ಇತ್ತು. ರೂಪಾಯಿ ಕೈಗೆ ಬಂದರೆ ಅವನ ಮುಖ ಕೆಳಗೆ ಮಾಡಿ ಮಡಿಲಿಗೆ ಹಾಕಿಕೊಳ್ಳುತ್ತಿದ್ದಳು.

ಆಗ ನಮ್ಮ ಜಗಲಿಯ ಕೋಣೆಯಲ್ಲಿ ಶಾಲೆಯ ಮಾಸ್ತರರೊಬ್ಬರು ಉಳಿದುಕೊಂಡಿದ್ದರು. ಭಟ್ಕಳದ ಕಡೆಯವರು, ಒಂಟಿ ಜೀವ. ಪೇಟೆಯಿಂದ ಹಳತಾಗಿ ಬರುವ ಪೇಪರನ್ನು ಸಂಜೆ ಹೊತ್ತು ಜಗಲಿಯ ಮೇಲೆ ಕೂತು ಗಟ್ಟಿಯಾಗಿ ಓದುತ್ತಿದ್ದರು. ಅಪ್ಪ ಕೇಳದವನ ಹಾಗೆ ಹಗ್ಗ ಹೊಸೆಯುತ್ತ ಕೇಳುತ್ತಿದ್ದ. ಒಂದು ಸಂಜೆ ಅಜ್ಜಿ ಬಾಗಿಲ ಹತ್ತಿರ ಬಂದು ನಿಂತಳು.

"ಮಾಸ್ತರ್ರೆ, ಆ ರಾಜ ಬೆಳಗಾದ್ರೆ ಎದ್ದು ಎಂತ ಮಾಡ್ತಾ?"

ಮಾಸ್ತರರಿಗೆ ಇಂಥ ಪ್ರಶ್ನೆ ಎಂದರೆ ಹಬ್ಬ. ಪೇಪರು ಮಡಚಿಟ್ಟು ಶುರುಮಾಡಿದರು. ಬೆಳಗಾದರೆ ಸರಕಾರದ ಕಾಗದಗಳು ಪೆಟ್ಟಿಗೆಯಲ್ಲಿ ಬರುತ್ತವೆ, ಅವನ್ನೆಲ್ಲ ಅವನು ಓದಬೇಕು. ಓದಿ ಸಹಿ ಹಾಕಬೇಕು. ವಾರಕ್ಕೊಮ್ಮೆ ಪ್ರಧಾನಮಂತ್ರಿ ಬಂದು ರಾಜ್ಯದ ವಿಚಾರ ಹೇಳುತ್ತಾನೆ, ಇವನು ಕೇಳಬೇಕು. ಗಾಯಗೊಂಡ ಸಿಪಾಯಿಗಳನ್ನು ನೋಡಬೇಕು, ಪದಕ ಚುಚ್ಚಬೇಕು. ಬಾಂಬು ಬಿದ್ದ ಬೀದಿಗೆ ನಡೆದು ಹೋಗಿ ಮನೆ ಕಳೆದುಕೊಂಡವರನ್ನು ಮಾತಾಡಿಸಬೇಕು.

"ಸಹಿ ಹಾಕೂದಿಲ್ಲ ಅಂದ್ರೆ?"

"ಹಾಗೆ ಹೇಳೂಕೆ ಬರೂದಿಲ್ಲ ಅಮ್ಮ. ಮಂತ್ರಿಗೆ ಬುದ್ಧಿ ಹೇಳಬಹುದು, ಎಚ್ಚರಿಕೆ ಕೊಡಬಹುದು. ಮಂತ್ರಿ ಕೇಳದಿದ್ದರೆ ಸುಮ್ಮನೆ ಸಹಿ ಹಾಕಬೇಕು. ಈಗಿನ ಕಾಲದ ರಾಜ ಅಂದರೆ ಅಷ್ಟೇ."

ಅಜ್ಜಿ ಹೊಸ್ತಿಲು ದಾಟಿ ಮುಂದೆ ಬಂದಳು. "ಹಂಗಾರೆ ನನ್ನ ಮಗನ್ನ ಯುದ್ಧಕ್ಕೆ ಕಳಿಸಿದ್ದು ಅಂವ ಅಲ್ಲನ?" ಎಂದು ಕೇಳಿದಳು. ಮಾಸ್ತರರು ಏನೋ ಹೇಳಲು ಹೊರಟು ಅಪ್ಪನ ಮುಖ ನೋಡಿ ನಿಲ್ಲಿಸಿದರು. "ಹೆಸರು ಮಾತ್ರ ಅವನದ್ದು" ಎಂದರು. ಅಪ್ಪ ಹಗ್ಗ ಬಿಸುಟು ಎದ್ದುಹೋದ.

ಅದರ ನಂತರ ಅಜ್ಜಿ ರೂಪಾಯಿಯನ್ನು ಮುಖ ಮೇಲೆ ಮಾಡಿ ಇಡತೊಡಗಿದಳು. ತನ್ನ ಮನೆಯಲ್ಲಿ ತನ್ನ ಮಾತು ನಡೆಯದವರನ್ನು ಕಂಡರೆ ಅವಳಿಗೆ ಮೊದಲಿಂದಲೂ ಕನಿಕರ.

ದೀಪಾವಳಿ ಹತ್ತಿರ ಬಂದಿತ್ತು. ಮಾಸ್ತರರು ಒಂದು ಸುದ್ದಿ ಓದಿದರು. ಯುದ್ಧ ಇರುವ ತನಕ ಅರಮನೆಯಲ್ಲೂ ರೇಶನ್. ಸ್ನಾನದ ತೊಟ್ಟಿಯ ಒಳಗೆ ಒಂದು ಗೆರೆ ಬರೆಸಿದ್ದಾರೆ, ಗೇಣಿಗೂ ಕಮ್ಮಿ ಎತ್ತರಕ್ಕೆ. ರಾಜನೂ ಅದರ ಮೇಲೆ ಬಿಸಿನೀರು ತುಂಬುವಂತಿಲ್ಲ.

ನಮ್ಮ ಕಡೆಯವರಿಗೆ ಸ್ನಾನ ಎಂದರೆ ಏನು ಎಂದು ಹೊರಗಿನವರಿಗೆ ಹೇಳಿ ತಿಳಿಸುವುದು ಕಷ್ಟ. ಅನ್ನ ಒಂದು ಹೊತ್ತು ತಪ್ಪಿದರೂ ನಡೆದೀತು, ಹಂಡೆಯ ಬಿಸಿನೀರು ಬೆನ್ನಿಗೆ ಸುರಿಯದಿದ್ದರೆ ಜೀವಕ್ಕೆ ಸಮಾಧಾನ ಇಲ್ಲ. ಅಜ್ಜಿ ಬಾಯಿಯ ಮೇಲೆ ಸೆರಗು ಇಟ್ಟುಕೊಂಡಳು.

"ಗೇಣು ನೀರಲ್ಲಿ ಮೀಯೂದಾ! ರಾಜನಾ!"

"ಆ ನೀರೊಳಗೇ ಕೂತು ಮೀಯುತ್ತಾರಂತೆ" ಎಂದು ಮಾಸ್ತರರು ಸೇರಿಸಿದರು.

"ಶಿವನೇ, ಕೂತುಕೊಂಡು ಬೇರೆ!"

ಅಲ್ಲಿಗೆ ಅವಳು ಒಂದು ತೀರ್ಮಾನಕ್ಕೆ ಬಂದಳು. ಆ ರಾಜನ ಹೆಸರಿನಲ್ಲಿ ಯಾರದೋ ಮಕ್ಕಳನ್ನು ಯುದ್ಧಕ್ಕೆ ಕಳಿಸಿದ್ದಾರೆ, ತಡೆಯಲು ಅವನ ಕೈಯಲ್ಲಿ ಆಗಲಿಲ್ಲ, ಆ ಮಕ್ಕಳು ಮನೆ ಸೇರುವ ತನಕ ತಾನು ಮೈತುಂಬ ಮೀಯುವುದಿಲ್ಲ ಎಂದು ಅವನು ವ್ರತ ಹಿಡಿದಿದ್ದಾನೆ. ಅವಳಿಗೆ ಬೇರೆ ಅರ್ಥವೇ ಕಾಣಲಿಲ್ಲ. ಅಲ್ಲಿ ಉಳಿಸುತ್ತಿರುವುದು ನೀರು ಕಾಯಿಸುವ ಕಲ್ಲಿದ್ದಲನ್ನು ಎಂದು ಮಾಸ್ತರರು ತಿಳಿಸಲು ನೋಡಿದರು.

"ಮಾಸ್ತರ್ರೆ, ವ್ರತ ಹಿಡಿದವರು ಕಾರಣ ಬಾಯಿಬಿಟ್ಟು ಹೇಳೂದಿಲ್ಲ" ಎಂದಳು ಅಜ್ಜಿ.

ಮರುದಿನ ದೋಣಿಗೆ ಬಳಿಯುವ ಗೇರೆಣ್ಣೆಯನ್ನು ತೆಂಗಿನ ಗೆರಟೆಯಲ್ಲಿ ತಂದಳು. ಗೇರುಬೀಜದ ಸಿಪ್ಪೆಯ ಆ ಕಪ್ಪು ಎಣ್ಣೆ ಒಮ್ಮೆ ಹತ್ತಿದರೆ ಉಪ್ಪುನೀರಿಗೂ ಜಗ್ಗುವುದಿಲ್ಲ. ತಳದಿಂದ ಗೇಣು ಅಳೆದು, ತೆಂಗಿನ ನಾರಿನಿಂದ ಹಂಡೆಯ ಒಳಗೆ ಸುತ್ತಲೂ ಗೆರೆ ಎಳೆದಳು. ಮಗ ಬರುವ ತನಕ ಮನೆಯಲ್ಲಿ ಯಾರೂ ಗೆರೆಯ ಮೇಲೆ ತುಂಬಬಾರದು ಎಂದು ಅಪ್ಪಣೆಯಾಯಿತು.

ನನಗೆ ಮೊದಲು ಖುಷಿಯಾಯಿತು, ಸ್ನಾನ ಬೇಗ ಮುಗಿಯುತ್ತದಲ್ಲ. ಖುಷಿ ಒಂದು ವಾರ ಬಾಳಲಿಲ್ಲ. ತಲೆಗೆ ಸೀಗೆ ತಿಕ್ಕಿ ತಂಬಿಗೆ ಅದ್ದಿದರೆ ತಳ ಕೆರೆಯುವ ಸದ್ದು. ಅರೆಬರೆ ತೊಳೆದ ಜಡೆಯಲ್ಲಿ ಸೀಗೆಪುಡಿ ಉದುರಿಸುತ್ತ ಶಾಲೆಗೆ ಹೋಗುತ್ತಿದ್ದೆ. ಮಳೆಗಾಲ ಬಂದಾಗಲಂತೂ ಹೊರಗೆ ಜಡಿಮಳೆ, ಬಾವಿ ತುಂಬಿ ಅಂಗಳಕ್ಕೆ ಹರಿಯುತ್ತಿದೆ, ಒಳಗೆ ನಾವು ಬೊಗಸೆ ನೀರಿಗೆ ಜಗಳ ಆಡುತ್ತಿದ್ದೇವೆ. ಆಯಿ, ಅಂದರೆ ನನ್ನ ತಾಯಿ, ಅತ್ತೆಗೆ ಎದುರಾಡಿದವಳಲ್ಲ. ಅವಳೂ ಒಮ್ಮೆ ನನ್ನ ತಲೆ ಒರೆಸುತ್ತ "ಆ ರಾಜಂಗೆ ಉದ್ದ ಜಡೆ ಇಲ್ಲ ಕಾಣ್ತದೆ" ಎಂದು ಗೊಣಗಿದಳು.

ಅಪ್ಪ ಮಾತ್ರ ಬಚ್ಚಲಿಗೇ ಕಾಲಿಡಲಿಲ್ಲ. "ರಾಜನ ಗೆರೆ ಒಳಗೆ ನಾ ಮೀಯೂದಿಲ್ಲ" ಎಂದು ಬಾವಿಕಟ್ಟೆಯ ಮೇಲೆ ನಿಂತು ಕೊಡಗಟ್ಟಲೆ ತಣ್ಣೀರು ಸುರಿದುಕೊಳ್ಳುತ್ತಿದ್ದ. ಬರ್ಮಾದ ಅಕ್ಕಿ ನಿಂತುಹೋಗಿ, ಅನ್ನ ಉಣ್ಣುವ ನಮಗೆ ರೇಶನ್ನಿನಲ್ಲಿ ಜೋಳ ಕೊಟ್ಟ ದಿನಗಳು ಅವು. ಅದನ್ನು ಬೇಯಿಸುವುದು ಹೇಗೆಂದು ಕೇರಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಬಂಗಾಳದಲ್ಲಿ ಜನ ಹಸಿದು ಸಾಯುವ ಸುದ್ದಿಯೂ ಬಂತು. "ಗೆರೆ ಎಳೆದು ಮಿಂದರೆ ಇವರ ಹೊಟ್ಟೆ ತುಂಬ್ತದನ?" ಎಂದು ಅಪ್ಪ ಕೂಗಾಡಿದ. ಅಪ್ಪನ ಮಾತು ಸರಿಯೇ ಇತ್ತು. ಅಜ್ಜಿಯೂ ಅದನ್ನು ಅಲ್ಲಗಳೆಯಲಿಲ್ಲ. ಗೆರೆಯನ್ನೂ ಬಿಡಲಿಲ್ಲ.

ಎಲ್ಲಕ್ಕಿಂತ ಕಷ್ಟವಾದದ್ದು ದೀಪಾವಳಿಯ ಮುನ್ನಾದಿನದ ನೀರು ತುಂಬುವ ಹಬ್ಬ. ಅಂದು ಹಂಡೆಯನ್ನು ಹುಣಸೆಹುಳಿ ಹಾಕಿ ತಿಕ್ಕಿ, ಕೊರಳಿಗೆ ಬಳ್ಳಿ ಸುತ್ತಿ, ಬಾವಿಗೆ ಪೂಜೆ ಮಾಡಿ, ಹೊಸ ನೀರನ್ನು ಅಂಚಿನ ತನಕ ತುಂಬಬೇಕು. ಆಮೇಲೆ ಕಳಸದ ರೂಪದಲ್ಲಿ ಬಲೀಂದ್ರ ಮನೆಗೆ ಬರುತ್ತಾನೆ. ಅವನೂ ರಾಜನೇ, ರಾಜ್ಯ ಕಳೆದುಕೊಂಡು ಪಾತಾಳ ಸೇರಿದವನು. ವರ್ಷಕ್ಕೊಮ್ಮೆ ಬಂದು ತನ್ನ ಜನ ಹೇಗಿದ್ದಾರೆ ಎಂದು ನೋಡಿ ಹೋಗುತ್ತಾನೆ. ನಮ್ಮ ಮನೆಯಲ್ಲಿ ಆ ದಿನವೂ ಹಂಡೆಗೆ ನೀರು ಗೆರೆಯ ತನಕವೇ. ಅರೆಹೊಟ್ಟೆ ಹಂಡೆಗೆ ಬಲೀಂದ್ರ ಬರುವುದಿಲ್ಲ ಎಂದು ಕೇರಿಯ ಹೆಂಗಸರು ಹೆದರಿಸಿದರು.

"ಬತ್ತಾ ಅಂವ. ರಾಜ್ಯ ಕೈತಪ್ಪಿದವರ ಕಷ್ಟ ಅವನಿಗೆ ಗೊತ್ತುಂಟು" ಎಂದಳು ಅಜ್ಜಿ. ಇಂಗ್ಲೆಂಡಿನ ರಾಜನನ್ನು ಅವಳು ಬಲೀಂದ್ರನ ಪಕ್ಕದಲ್ಲೇ ಕೂರಿಸಿಬಿಟ್ಟಿದ್ದಳು. ಇಬ್ಬರಿಗೂ ಆಳುವ ಅಧಿಕಾರ ಇಲ್ಲ, ಬಂದು ವಿಚಾರಿಸಿ ಹೋಗುವುದೊಂದೇ ಕೆಲಸ. ಮಾಸ್ತರರು ಅದನ್ನು ಕೇಳಿ, ರಾಜ್ಯಾಡಳಿತದ ಬಗ್ಗೆ ತಮ್ಮಲ್ಲಿರುವ ಪುಸ್ತಕದಲ್ಲಿ ಇದನ್ನೇ ಎಷ್ಟೋ ಪುಟ ಬರೆದಿದ್ದಾರೆ ಎಂದು ನಕ್ಕರು.

ವರ್ಷ ಕಳೆಯಿತು, ಸುದ್ದಿ ಇಲ್ಲ. ಇನ್ನೊಂದು ವರ್ಷವೂ ಹಾಗೇ ಹೋಯಿತು. ಮಾಗಿಯ ಒಂದು ಬೆಳಿಗ್ಗೆ ಒಲೆಗೆ ತೆಂಗಿನ ಸೋಗೆ ಒಟ್ಟಲು ಬಚ್ಚಲ ಕಡೆ ಹೋದೆ. ಮನೆಯವರದ್ದೆಲ್ಲ ಸ್ನಾನ ಮುಗಿದಿತ್ತು. ಒಳಗೆ ತಂಬಿಗೆ ಹಂಡೆಯ ತಳ ಕೆರೆಯುವ ಸದ್ದು ಕೇಳಿಸಿತು. ಬಾಗಿಲು ತೆರೆದು ಹೊರಗೆ ಬಂದವನು ಅಪ್ಪ, ಮೈ ಅರ್ಧ ನೆನೆದಿದೆ, ಅರ್ಧ ಒಣಗಿದೆ. ನನ್ನನ್ನು ಕಂಡು ಒಂದು ಗಳಿಗೆ ತಬ್ಬಿಬ್ಬಾದ.

"ಬಾವಿ ನೀರು ಭಾರೀ ತಂಪು ಇವತ್ತು" ಎಂದ.

ಮಾಗಿಯ ಬೆಳಗಿನಲ್ಲಿ ಬಾವಿಯ ನೀರು ಬೆಚ್ಚಗೆ ಹಬೆಯಾಡುತ್ತದೆ ಎಂದು ನಮ್ಮೂರಿನ ಕೂಸಿಗೂ ಗೊತ್ತು. ನಾನು ಸೋಗೆ ಒಟ್ಟಲು ಬಗ್ಗಿದೆ. ಅಂದಿನಿಂದ ಅಪ್ಪ ದಿನಾ ಗೆರೆಯ ಒಳಗೇ ಮಿಂದ. ಅಜ್ಜಿ ಅವನ ಪಂಚೆಯನ್ನು ಬಚ್ಚಲ ಗೂಟಕ್ಕೆ ತೂಗುಹಾಕಿ ಇಡತೊಡಗಿದಳು. ಒಂದೇ ಮನೆಯೊಳಗೆ ಸಿಟ್ಟೂ ಅಕ್ಕರೆಯೂ ಹೇಗೆ ಒಟ್ಟಿಗೆ ಇರಬಹುದು ಎಂದು ನನಗೆ ಕಲಿಸಿದವರು ಅವರಿಬ್ಬರು. ಅವರ ಆ ಋಣ ದೊಡ್ಡದು. ತನಗೇ ಗೊತ್ತಿಲ್ಲದೆ ನನ್ನ ಅಜ್ಜಿಗೆ ಕಾಯುವುದಕ್ಕೆ ಜೊತೆಯಾದ ಆ ದೂರದ ರಾಜನಿಗೂ ನಾನು ಮನಸಾರೆ ಕೈಮುಗಿಯುತ್ತೇನೆ. ಅಪ್ಪ ಇದ್ದಿದ್ದರೆ ಬೈಯುತ್ತಿದ್ದ, ಬೈಯಲಿ.

ಯುದ್ಧ ಮುಗಿಯಿತು. ಸೆರೆಯವರನ್ನು ಬಿಡುತ್ತಿದ್ದಾರೆ ಎಂದು ಪೇಪರಿನಲ್ಲಿ ಬಂತು. ಚಿಕ್ಕಪ್ಪನ ಸುದ್ದಿ ಮಾತ್ರ ಬರಲಿಲ್ಲ. ನೀರು ತುಂಬುವ ಹಬ್ಬ ಮತ್ತೆ ಬಂತು. ಅಪ್ಪ ಬಾವಿಯಿಂದ ನೀರು ಸೇದುತ್ತಿದ್ದ, ನಾನು ಹಂಡೆಗೆ ಬಳ್ಳಿ ಸುತ್ತುತ್ತಿದ್ದೆ. ಮಧ್ಯಾಹ್ನದ ದೋಣಿ ಇಳಿದ ಜನ ಮುಂದೆ ಹೋದರು, ಒಬ್ಬ ಮಾತ್ರ ನಮ್ಮ ಅಂಗಳದ ಅಂಚಿನಲ್ಲಿ ನಿಂತ. ಎಲುಬಿನ ಮೇಲೆ ಅಂಗಿ ತೂಗುಹಾಕಿದ ಹಾಗಿದ್ದ. ನನಗೆ ಗುರುತು ಸಿಗಲಿಲ್ಲ. ಅವನು ಅಂಗಳಕ್ಕೆ ಕಾಲಿಡಲಿಲ್ಲ, ಅಪ್ಪನನ್ನೇ ನೋಡುತ್ತ ನಿಂತಿದ್ದ.

ಅಪ್ಪನ ಕೈಯಿಂದ ಹಗ್ಗ ಜಾರಿ ಕೊಡ ಬಾವಿಗೆ ಬಿತ್ತು.

"ಅಲ್ಲೇ ಎಂತಕ್ಕೆ ನಿಂತೆ?" ಎಂದ ಅಪ್ಪ. "ಬಾ, ಮೀಯು."

ಅಜ್ಜಿ ಓಡಿ ಬಂದಳು. ಮಗನ ಮುಖ, ಭುಜ, ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು. ಆಮೇಲೆ ಅಪ್ಪನ ಕಡೆ ತಿರುಗಿ "ತುಂಬು" ಎಂದಳು. ಅಪ್ಪ ಬೇರೆ ಕೊಡದಲ್ಲಿ ಸೇದಿ ಸೇದಿ ತಂದು ಸುರಿದ. ನೀರು ಕಪ್ಪು ಗೆರೆಯನ್ನು ಮುಟ್ಟಿತು, ಮುಳುಗಿಸಿತು, ಅಂಚಿಗೆ ಬಂದು ಬಳ್ಳಿಯ ಮೇಲೆ ಚೆಲ್ಲಿತು. ಹಬ್ಬದ ಸ್ನಾನ ಮರುದಿನ ಬೆಳಗ್ಗೆ ಮಾಡಬೇಕಾದದ್ದು. ಅಜ್ಜಿ ಕಾಯಲಿಲ್ಲ. ಸಂಜೆಯೇ ಅಪ್ಪ ತಮ್ಮನ ಬೆನ್ನಿಗೆ ಎಣ್ಣೆ ತಿಕ್ಕಿ ಬಿಸಿನೀರು ಹೊಯ್ದ. ಸಾಕು ಎಂದರೂ ಬಿಡಲಿಲ್ಲ. ಬಚ್ಚಲಿನಿಂದ ಅಣ್ಣತಮ್ಮ ಇಬ್ಬರೂ ಅಳುವುದು ಕೇಳುತ್ತಿತ್ತು, ಆಯಿ ಅದು ಕೇಳದ ಹಾಗೆ ಹಿತ್ತಲಿಗೆ ಹೋದಳು.

ಎಲ್ಲರೂ ಜಗಲಿಗೆ ಬಂದು ಕೂತ ಮೇಲೆ ಅಜ್ಜಿ ಕೇಳಿದಳು.

"ಮಾಸ್ತರ್ರೆ, ಆ ರಾಜನ ಗೆರೆ ಅಳಿಸಿದ್ರನ?"

"ಪೇಪರಲ್ಲಿ ಬಂದಿಲ್ಲ ಅಮ್ಮ. ಅಲ್ಲಿ ಇನ್ನೂ ರೇಶನ್ ಉಂಟಂತೆ."

"ಹಂಗಾರೆ ನನ್ನ ಮಗ ಬಂದದ್ದು ಅವನಿಗೆ ಗೊತ್ತಾಗಲಿಲ್ಲ" ಎಂದು ಅವಳು ಒದ್ದಾಡಿದಳು. "ಪಾಪ, ಇನ್ನೂ ಗೇಣು ನೀರಲ್ಲೇ ಕೂತಿದಾ."

ಬಚ್ಚಲಿಗೆ ಹೋಗಿ ಹಂಡೆಯಿಂದ ಒಂದು ತಂಬಿಗೆ ಬಿಸಿನೀರು ತುಂಬಿ ತಂದಳು. ಅವನ ಹೆಸರಲ್ಲಿ ತೆಂಗಿನ ಬುಡಕ್ಕೆ ಹೊಯ್ಯಬೇಕು ಎಂದಳು. ಹೊಯ್ಯಬೇಕಾದವನು ಮನೆಯ ಯಜಮಾನ. ತಂಬಿಗೆಯನ್ನು ಅಪ್ಪನ ಮುಂದೆ ಹಿಡಿದಳು. ನಾವೆಲ್ಲ ಅಪ್ಪನನ್ನೇ ನೋಡಿದೆವು. ಆ ರಾಜ ಈ ದೇಶ ಬಿಟ್ಟು ಹೋಗಲಿ ಎಂದು ಬೀದಿಯಲ್ಲಿ ಕೂಗಿ ಕೂಗಿ ಜೈಲು ಕಂಡವನು ಅವನು.

ಅಪ್ಪ ತಂಬಿಗೆ ತೆಗೆದುಕೊಂಡು ಅಂಗಳಕ್ಕೆ ಇಳಿದ. ತೆಂಗಿನ ಬುಡದಲ್ಲಿ ನಿಂತು ಒಮ್ಮೆ ತಮ್ಮನ ಕಡೆ ನೋಡಿದ.

"ಹೆಂಗೂ ಹೋಗೂ ಜನ" ಎಂದ. "ಮಿಂದೇ ಹೋಗ್ಲಿ."

ಆಮೇಲೆ ನೀರನ್ನು ನಿಧಾನವಾಗಿ, ಒಂದು ಹನಿಯೂ ಆಚೀಚೆ ಹೋಗದ ಹಾಗೆ ಹೊಯ್ದ.