ಬಾಯಲ್ಲೇ ಟಪಕ್ ಎನ್ನುವವನು
ಹೊಸದು ಬಂದಷ್ಟೂ ಹಳೆಯದನ್ನೇ ಹೊಗಳುವ ಫೋಟೋ ಸ್ಟುಡಿಯೋದವರ ಕುಲವೊಂದಿದೆ; ಅದರ ಕುಲತಿಲಕ ನಾನು. ಗುಂಡುಕಲ್ಲಿನಂಥ ಹಳೆಯ ಡಿಎಸ್‌ಎಲ್‌ಆರ್ ಕ್ಯಾಮೆರಾ ಹೊತ್ತು ಹೊತ್ತು ನನ್ನ ಬಲಭುಜ ಒಂದಂಗುಲ ಇಳಿದಿದೆ. ಅದನ್ನು ಅನುಭವವೆಂದು ಹೇಳಿಕೊಳ್ಳುತ್ತೇನೆ. ಮಗಳು ತಂದ ಮಿರರ್‌ಲೆಸ್ ಕ್ಯಾಮೆರಾ ಹಗುರ, ಎದುರಿದ್ದವರ ಕಣ್ಣನ್ನು ತಾನೇ ಹುಡುಕಿ ಫೋಕಸ್ ಮಾಡುತ್ತದೆ. ಆದರೆ ಹಳೆಯದರ ‘ಟಪಕ್’ ಸದ್ದು ಅದಕ್ಕಿಲ್ಲ. “ಸದ್ದಿಲ್ದೆ ತೆಗೆಯೋದು ಕಳ್ಳರ ಕೆಲಸ ಕಣಮ್ಮ” ಎಂದು ಗೊಣಗಿ, ಬಟನ್ ಒತ್ತುವಾಗಲೆಲ್ಲ ನಾಲಿಗೆಯಿಂದಲೇ ‘ಟಪಕ್’ ಎನ್ನುತ್ತೇನೆ. ಗಿರಾಕಿಗಳು ಕಿಸಕ್ಕನೆ ನಕ್ಕು ಪಾಸ್‌ಪೋರ್ಟ್ ಫೋಟೋ ಕೆಟ್ಟರೆ ಬೈಸಿಕೊಳ್ಳುವುದು ಹೊಸ ಕ್ಯಾಮೆರಾ. ನನ್ನ ಹೆಂಡತಿಯ ಫೋಟೋ ಮಾತ್ರ ಮೂವತ್ತು ವರ್ಷಗಳಿಂದ ಯಾವ ಕ್ಯಾಮೆರಾದಲ್ಲೂ ಸರಿ ಬಂದಿಲ್ಲ. ಎಲ್ಲದರಲ್ಲೂ ಕಣ್ಣು ಮುಚ್ಚಿದ್ದಾಳೆ. “ನಿನ್ನ ಮುಖಕ್ಕೆ ಫೋಟೋ ಒಗ್ಗಲ್ಲ ಬಿಡು” ಎಂದು ಮಹಾಪಂಡಿತನಂತೆ ತೀರ್ಪು ಕೊಟ್ಟಿದ್ದೆ. ಮೊನ್ನೆ ಗುರುತಿನ ಚೀಟಿಗೆಂದು ಅವಳನ್ನು ಸ್ಟೂಲಿನ ಮೇಲೆ ಕೂರಿಸಿದಾಗ ನನಗೆ ಬಾಯಿಹುಣ್ಣು. ನಾಲಿಗೆ ಆಡಿಸಲಾಗದೆ, ಸುಮ್ಮನೆ ಬಟನ್ ಒತ್ತಿದೆ. ಪರದೆಯಲ್ಲಿ ಅವಳು ಎರಡೂ ಕಣ್ಣು ತೆರೆದು ನನ್ನನ್ನೇ ನೋಡುತ್ತಿದ್ದಳು. ಅವಳಿಗೂ ತೋರಿಸಿದೆ. ಬಹಳ ಹೊತ್ತು ನೋಡಿ, “ಸದ್ಯ, ಇವತ್ತು ನೀವು ನನ್ನ ಬೆಚ್ಚಿಬೀಳಿಸ್ಲಿಲ್ಲ” ಎಂದಳು.